ಹಿಸಾಬ್ ಕಾಕಾ

ಸಾಮಾನ್ಯ ಸಭೆ ಹನ್ನೊಂದಕ್ಕೆ ಎಂದು ನೋಟಿಸಿನಲ್ಲಿದ್ದರೆ ಹನ್ನೊಂದಕ್ಕೆ ಸಭಾಂಗಣದಲ್ಲಿ ಇರುವವರು ಇಬ್ಬರೇ. ಒಬ್ಬ ಕುರ್ಚಿ ಒರೆಸುವ ಜವಾನ, ಇನ್ನೊಬ್ಬರು ಹಿಸಾಬ್ ಕಾಕಾ. ಉಳಿದ ಸದಸ್ಯರು ಕೆಳಗೆ ಚಹಾದಂಗಡಿಯಲ್ಲಿ, ಮುಖ್ಯಾಧಿಕಾರಿಗಳು ಡಿಸಿ ಆಫೀಸಿನ ವಿಡಿಯೋ ಕಾನ್ಫರೆನ್ಸಿನಲ್ಲಿ, ಅಧ್ಯಕ್ಷರು ದಾರಿಯಲ್ಲಿ. ಕಾಕಾ ಮಾತ್ರ ಮೊದಲನೆ ಸಾಲಿನ ತುದಿಯ ಕುರ್ಚಿಯಲ್ಲಿ ಕುಂತು, ಬಟ್ಟೆ ಚೀಲ ಬಿಚ್ಚಿ ಸಾಮಾನು ಹರಡಿಕೊಂಡಿರುತ್ತಾರೆ. ಹಳೆ ಅಜೆಂಡಾಗಳ ಕಟ್ಟು, ಎರಡು ಪೆನ್ನು (ಒಂದು ಕೆಂಪು), ಒಂದು ಡೈರಿ, ಮತ್ತೆ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ. ಆ ಪುಸ್ತಕಕ್ಕೆ ಹಳೆ ಕ್ಯಾಲೆಂಡರಿನ ರಟ್ಟು, ಒಳಗೆಲ್ಲ ಗುರುತಿನ ಚೀಟಿ. ಶಾಲೆಗೆ ಹೋಗುವ ಮೊಮ್ಮಗನ ಪುಸ್ತಕಕ್ಕೆ ರಟ್ಟಿಲ್ಲ, ಇದಕ್ಕಿದೆ.

ಇವರು ಒಬ್ಬರಲ್ಲ. ಬೀದರಿನಲ್ಲಿ ಒಬ್ಬರು, ಭಾಲ್ಕಿಯಲ್ಲಿ ಒಬ್ಬರು, ಔರಾದಿನಲ್ಲಿ ಒಬ್ಬರು ಇದ್ದೇ ಇರುತ್ತಾರೆ. 2011ರ ಜನಗಣತಿಯಲ್ಲಿ ಬೀದರ್ ಎರಡು ಲಕ್ಷ ದಾಟಿತ್ತು, ಭಾಲ್ಕಿ ನಲವತ್ತು ಸಾವಿರದ ಆಸುಪಾಸು, ಔರಾದ್ ಇಪ್ಪತ್ತು ಸಾವಿರಕ್ಕೆ ತುಸು ಕಡಿಮೆ. ಹಾಗಾಗಿ ಒಂದು ನಗರಸಭೆ, ಒಂದು ಪುರಸಭೆ, ಇನ್ನೊಂದು ಪಟ್ಟಣ ಪಂಚಾಯಿತಿ ಎಂದು ಸರ್ಕಾರ ದರ್ಜೆ ಕಟ್ಟಿತು. ಕಾಕಾಗಳಿಗೆ ದರ್ಜೆಯಿಲ್ಲ. ಪಕ್ಷ ಯಾವುದೇ ಇರಲಿ, ಜಾತಿ ಯಾವುದೇ ಇರಲಿ, ಎದ್ದು ನಿಂತರೆ ಬಾಯಲ್ಲಿ ಬರುವುದು ಒಂದೇ ಮಾತು: “ಅದೆಲ್ಲ ಇರ್ಲಿ ಅಧ್ಯಕ್ಷರೇ, ಮೊದಲ ಹಿಸಾಬ್ ಕೊಡ್ರಿ.”

ಒಂದು ಸಭೆಯನ್ನು ಹತ್ತಿರದಿಂದ ನೋಡೋಣ. ಯಾವ ಊರಿನದು ಎಂದು ಕೇಳಬೇಡಿ, ಮೂರರಲ್ಲಿ ಯಾವುದಾದರೂ ಆದೀತು.

ಮೊದಲನೆ ವಿಷಯ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಯಾರೂ ಓದಲಿಲ್ಲ, ದೃಢವಾಯಿತು. ಮುಂದೆ ಕುಡಿಯುವ ನೀರಿನ ದೊಡ್ಡ ಯೋಜನೆ, ಕೋಟಿಗಳ ಮಾತು. ನೀರು ಸರಬರಾಜು ಮಂಡಳಿಯ ಎಂಜಿನಿಯರು ಎದ್ದು ನಿಂತು ‘ಡಿಪಿಆರ್’ ಅಂದರು, ‘ಎಂಎಲ್‌ಡಿ’ ಅಂದರು, ಕುಂತರು. ಸದಸ್ಯರು ಮೇಜು ಕುಟ್ಟಿದರು. ಆಮೇಲೆ ನಗರೋತ್ಥಾನ ಯೋಜನೆಯ ಕಾಮಗಾರಿ ಪಟ್ಟಿ. ಅದೂ ಕೋಟಿಗಳದ್ದೇ. ‘ಮಂಜೂರ್, ಮಂಜೂರ್’ ಎಂಬ ಕೂಗಿನಲ್ಲಿ ಪಟ್ಟಿ ಓದುವವನ ದನಿಯೇ ಕೇಳಲಿಲ್ಲ. ಕಾಕಾ ಇಷ್ಟೊತ್ತೂ ಕೆಂಪು ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

ಆಮೇಲೆ ಜಮಾ-ಖರ್ಚು ಬಂತು, ಮುಚ್ಚಳ ತೆಗೆದರು.

“ಅಧ್ಯಕ್ಷರೇ, ಫಿನಾಯಿಲ್ ಡಬ್ಬಿ ತಗೊಂಡೀವಿ ಅಂತ ಬರ್ದೀರಿ. ಬರಾಬರ್. ತಂದಿದ್ದು ಎಲ್ಲಿ ಹೊಯ್ದ್ರಿ? ನಮ್ಮ ಓಣ್ಯಾಗ ಮೂಗು ಇದ್ದೋರಿಗೆ ಒಬ್ರಿಗೂ ವಾಸ್ನಿ ಬಂದಿಲ್ಲ.”

ಆರೋಗ್ಯ ನಿರೀಕ್ಷಕರು ಎದ್ದರು. “ಹೊಯ್ದೀವಿ ಸಾಹೇಬ್ರ. ಮಳಿ ಬಂದು ತೊಳ್ಕೊಂಡು ಹೋಯ್ತು.”

“ಯಾವ ತಾರೀಖಿನ ಮಳಿ?”

ನಿರೀಕ್ಷಕರು ಮುಖ್ಯಾಧಿಕಾರಿಯ ಮುಖ ನೋಡಿದರು. ಮುಖ್ಯಾಧಿಕಾರಿ ಫೋನು ನೋಡಿದರು. ಕಾಕಾ ಡೈರಿ ತೆಗೆದರು.

“ಆ ತಿಂಗಳದಾಗ ಹನಿ ಬಿದ್ದಿಲ್ಲ. ಸೋಯಾ ಒಣಗಿ ನಿಂತಿತ್ತು, ಬರ ಘೋಷಣಾ ಮಾಡ್ರಿ ಅಂತ ರೈತರು ಡಿಸಿ ಆಫೀಸ್ ಮುಂದ ಕುಂತಿದ್ರು. ನಿಮ್ಮ ಫಿನಾಯಿಲ್ ಮ್ಯಾಲ ಅಷ್ಟೇ ಮಳಿ ಬಂತೇನು?”

ಅಲ್ಲಿಂದ ಸಭೆಗೆ ಜೀವ ಬಂತು. ಒಬ್ಬರು ಕನ್ನಡದಲ್ಲಿ ಎದ್ದರು, ಇನ್ನೊಬ್ಬರು ದಖನಿಯಲ್ಲಿ ‘ಛೋಡೋ ನಾ ಚಾಚಾ’ ಎಂದು ಸಮಾಧಾನಕ್ಕೆ ಬಂದರು, ಹಿಂದಿನ ಸಾಲಿನಿಂದ ಮರಾಠಿಯಲ್ಲಿ ಒಂದು ಗಾದೆ ಬಂತು, ಅದಕ್ಕೆ ತೆಲುಗಿನಲ್ಲಿ ನಗೆ ಬಂತು. ಫಿನಾಯಿಲಿನಿಂದ ಬ್ಲೀಚಿಂಗ್ ಪೌಡರಿಗೆ, ಅಲ್ಲಿಂದ ಬೀದಿದೀಪದ ಬಲ್ಬಿಗೆ, ಬಲ್ಬಿನಿಂದ ಸಭೆಯ ಚಹಾ-ನಾಷ್ಟಾ ಬಿಲ್ಲಿಗೆ ಮಾತು ಇಳಿಯಿತು. “ಹೋದ ಸಭಾಕ್ಕ ಬಂದ ಸದಸ್ಯರೆಷ್ಟು, ಬಂದ ಮಿರ್ಚಿ ಪ್ಲೇಟ್ ಎಷ್ಟು? ಸಹಿ ಎಣಿಸ್ರಿ, ಪ್ಲೇಟ್ ಎಣಿಸ್ರಿ.” ಅಷ್ಟರಲ್ಲಿ ಇವತ್ತಿನ ಮಿರ್ಚಿ ಭಜಿ ಬಂತು. ಕಾಕಾ ಪ್ಲೇಟು ಎಣಿಸಿ ಡೈರಿಯಲ್ಲಿ ಬರೆದುಕೊಂಡು, ತಮ್ಮ ಪಾಲಿನದನ್ನು ತಿಂದರು. ಸಭೆ ಊಟದ ಹೊತ್ತು ಮೀರಿ ಮುಗಿಯಿತು. ಗುಮಾಸ್ತ ನಡಾವಳಿ ಪುಸ್ತಕದಲ್ಲಿ ಬರೆದದ್ದು ಇಷ್ಟು: ‘ಸದರಿ ವಿಷಯವನ್ನು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು.’ ನಾಲ್ಕು ಭಾಷೆಯ ಜಗಳವನ್ನು ಒಂದು ಸಾಲಿಗೆ ಇಳಿಸುವ ಈ ಗುಮಾಸ್ತರಿಗೆ ಸಾಹಿತ್ಯ ಅಕಾಡೆಮಿಯವರು ಇನ್ನೂ ಏನೂ ಕೊಟ್ಟಿಲ್ಲ.

ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಪಂಡಿತ 1950ರ ದಶಕದಲ್ಲಿ ಇದನ್ನೇ ಬರೆದು ಹೆಸರು ಮಾಡಿದ. ಅಣುಸ್ಥಾವರದ ಲೆಕ್ಕವನ್ನು ಸಮಿತಿ ನಿಮಿಷಗಳಲ್ಲಿ ಮುಗಿಸುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಕಾಫಿ ಖರ್ಚಿಗೆ ಅದಕ್ಕೂ ಹೆಚ್ಚು ಅಂತ. ಅವನ ಪ್ರಕಾರ ಕಾರಣ ಸುಲಭ: ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಶೆಡ್ಡು ಎಲ್ಲರಿಗೂ ಅರ್ಥವಾಗುತ್ತದೆ. ನಾನೂ ಕಾಕಾ ಬಗ್ಗೆ ಹಾಗೆಯೇ ತಿಳಿದು, ಸಭೆ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕೆಣಕಿದೆ. “ಏನ್ ಕಾಕಾ, ಕೋಟಿ ಹೋಗುವಾಗ ಸುಮ್ ಕುಂತ್ರಿ, ಫಿನಾಯಿಲ್‌ಗೆ ಎರಡು ತಾಸು ನಿಂತ್ರಿ?”

ಕಾಕಾ ಸಾಸರಿಗೆ ಸುರುವಿದ ಚಹಾ ಆರಿಸುತ್ತ ನನ್ನನ್ನು ಕರುಣೆಯಿಂದ ನೋಡಿದರು.

“ಆ ಕೋಟಿ ಯಾರದು ಹೇಳ್ರಿ? ನಗರೋತ್ಥಾನದ ಪಟ್ಟಿ ಉಸ್ತುವಾರಿ ಮಂತ್ರಿಗಳ ಕಮಿಟಿ ಒಪ್ಪಬೇಕು. ನೀರಿನ ಸ್ಕೀಮ್ ಮಂಡಳಿದು, ಟೆಂಡರ್ ಅವರದು. ಹದಿನೈದನೇ ಹಣಕಾಸು ಆಯೋಗದ ರೊಕ್ಕ ಬರ್ತದ, ಅದರಾಗ ನೂರಕ್ಕ 60 ನೀರು, ಸ್ವಚ್ಛತಾಕ್ಕೇ ಅಂತ ದಿಲ್ಲಿಯೋರು ಗಂಟು ಹಾಕ್ಯಾರ. ನೌಕರರ ಪಗಾರ ರಾಜ್ಯ ಹಣಕಾಸು ಆಯೋಗದ ಅನುದಾನ. ಬೀದಿ ಲೈಟಿನ ಬಿಲ್ಲಿನ ರೊಕ್ಕ ಬೆಂಗಳೂರಿಂದ ಸೀದಾ ಜೆಸ್ಕಾಂಗೆ ಹೋಗ್ತದ, ನಮ್ಮ ಊರಾಗ ಇಳಿಯೋದೇ ಇಲ್ಲ. 371(ಜೆ) ರೊಕ್ಕ ನಮ್ಮ ಭಾಗದ ಅಭಿವೃದ್ಧಿ ಮಂಡಳಿದು, ಅದು ಕಲಬುರಗ್ಯಾಗ ಕುಂತದ. ನಾ ಎದ್ದು ಒದರಿದ್ರ ಅದರಾಗ ಒಂದು ರೂಪಾಯಿ ಆ ಕಡಿಂದ ಈ ಕಡಿ ಆಗ್ತದೇನು? ಮನಿ ತೆರಿಗಿ, ನೀರಿನ ತೆರಿಗಿ, ಅಂಗಡಿ ಬಾಡಗಿ, ಲೈಸೆನ್ಸ್ ಫೀ, ಇಷ್ಟೇ ನಮ್ಮದು. ಅದರಾಗ ಬರೋದು ಫಿನಾಯಿಲ್. ನನ್ನ ರೊಕ್ಕದ ಹಿಸಾಬ್ ನಾ ಕೇಳ್ಲತ್ತೀನಿ.”

ಪಾರ್ಕಿನ್‌ಸನ್ನನಿಗೆ ಇದು ಹೊಳೆದಿರಲಿಲ್ಲ. ಅವನ ಸಮಿತಿಯವರಿಗೆ ಸ್ಥಾವರ ಅರ್ಥವಾಗುತ್ತಿರಲಿಲ್ಲ, ನಮ್ಮ ಕಾಕಾಗೆ ಎಲ್ಲವೂ ಅರ್ಥವಾಗುತ್ತದೆ.

ಮನೆ ತೆರಿಗೆ ಎಂದರೂ ಪೂರಾ ನಮ್ಮದಲ್ಲ, ಅದನ್ನೂ ಕಾಕಾ ಬೆರಳು ಮಡಚಿ ತೋರಿಸಿದರು. ತೆರಿಗೆಯ ಮೇಲೆ ಆರೋಗ್ಯ ಕರ ನೂರಕ್ಕೆ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ವಸೂಲಿ ನಮ್ಮ ಬಿಲ್ ಕಲೆಕ್ಟರದು, ರೊಕ್ಕ ಆಯಾ ಇಲಾಖೆಯದು. “ಭಿಕ್ಷುಕರ ಕರ ವಸೂಲಿ ಮಾಡಿ ಬೆಂಗಳೂರಿಗೆ ಕೊಡೋರೂ ನಾವೇ, ಅನುದಾನ ಕೊಡ್ರಪ್ಪ ಅಂತ ಅಲ್ಲೇ ಹೋಗಿ ಕೈ ಒಡ್ಡೋರೂ ನಾವೇ. ಆ ಮೂರು ಪೈಸಾ ನಮಗೇ ಬಿಟ್ರ ಆಗ್ತಿರ್ಲಿಲ್ಲೇನು?”

ತೆರಿಗೆ ವಿಷಯದಲ್ಲಿ ಕಾಕಾ ಕಟ್ಟುನಿಟ್ಟು. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ 2 ದಂಡ. ಹಾಗಾಗಿ ಏಪ್ರಿಲ್ ಶುರುವಾದ ಕೂಡಲೇ ಕೌಂಟರಿನ ಮುಂದೆ ಹಾಜರು. ಹೊಸ ವರ್ಷದ ದರ ಇನ್ನೂ ಕಂಪ್ಯೂಟರಿಗೆ ಏರಿರುವುದಿಲ್ಲ, ಸರ್ವರ್ ಡೌನ್ ಇರುತ್ತದೆ. ಕಾಕಾ ದಿನಾ ಬಂದು ಕುಂತು, ತೆರಿಗೆ ತೆಗೆದುಕೊಳ್ಳಿರೆಂದು ಜಗಳ ತೆಗೆಯುತ್ತಾರೆ. ಲೆಕ್ಕದಲ್ಲಿ ಒಂದೇ ಒಂದು ಮರೆ ಇದೆ. ಸ್ವಯಂ ಘೋಷಣೆ ಫಾರಂನಲ್ಲಿ ಕಾಕಾ ಕೆಳಗಿನ ಮನೆ ಮಾತ್ರ ಬರೆದಿದ್ದಾರೆ, ಮೇಲೆ ಬಾಡಿಗೆಯವರು ಇದ್ದಾರೆ. ಕೇಳಿದರೆ, “ಮ್ಯಾಲ ಪತ್ರಾ ಹಾಕೀನಿ. ಪತ್ರಾಕ್ಕ ಮಾಳಗಿ ಅಂತಾರೇನ್ರಿ?”

ಮನೆಯಲ್ಲಿ ಕಾಕೂ ಅವರ ಅಭಿಪ್ರಾಯ ಬೇರೆ. “ಊರ ಹಿಸಾಬ್ ಎಲ್ಲಾ ಬರ್ತದ. ಜ್ವಾಳ ಕಿಲೋಕ್ಕ ಎಷ್ಟದ ಕೇಳಿ ನೋಡ್ರಿ.”

ಮೂರು ಊರಿನ ಕಾಕಾಗಳಿಗೂ ತಮ್ಮತಮ್ಮ ಊರಿನ ಇತಿಹಾಸ ಬತ್ತಳಿಕೆಯಲ್ಲಿದೆ. ಬೀದರಿನವರು ಖಾಲಿ ಜಾಗ ಬಿಟ್ಟ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವವರಲ್ಲ. “ನಮ್ಮ ಊರಿನ ಮಹಮೂದ್ ಗವಾನ್ ತಲಿ ಹೋಗಿದ್ದು ಯಾಕ? ಅವನ ಮೊಹರು ಒತ್ತಿದ್ದ ಖಾಲಿ ಕಾಗದ ಇನ್ನೊಬ್ಬರ ಕೈಗೆ ಸಿಕ್ತು. ಅವರು ಮ್ಯಾಲ ಬೇಕಾದ್ದು ಬರ್ಕೊಂಡ್ರು.” ಕಥೆ ಸುಳ್ಳಲ್ಲ. 1472ರಲ್ಲಿ ಮದರಸಾ ಕಟ್ಟಿಸಿದ, ಬಹಮನಿ ರಾಜ್ಯದ ಭೂಮಿ ಅಳೆಸಿ ಕಂದಾಯಕ್ಕೆ ಶಿಸ್ತು ತಂದ, ಸರದಾರರ ಪ್ರಾಂತ್ಯಗಳನ್ನು ಒಡೆದು ಅವರ ಹಿಡಿತ ಸಡಿಲಿಸಿದ ಮಂತ್ರಿಯನ್ನು 1481ರಲ್ಲಿ ಸುಲ್ತಾನ ಕೊಲ್ಲಿಸಿದ್ದು ಅಂಥ ಸುಳ್ಳು ಪತ್ರದ ಮೇಲೆಯೇ ಎಂದು ಚರಿತ್ರೆಕಾರರು ಬರೆದಿದ್ದಾರೆ. ಹಿಸಾಬ್ ಕೇಳಿದವರಿಗೆ ಏನಾಗುತ್ತದೆ ಎಂಬುದಕ್ಕೂ ಅದೇ ಕಥೆ ಸಾಕ್ಷಿಯಾದೀತು, ಕಾಕಾ ಆ ಅರ್ಥ ಮಾತ್ರ ತೆಗೆಯುವುದಿಲ್ಲ.

ಭಾಲ್ಕಿಯವರಿಗೆ ಹಿರೇಮಠದ ಕಥೆ. ನಿಜಾಮರ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದಲ್ಲಿ ಅರಿಯದವರಿಲ್ಲ. ಅಜೆಂಡಾದಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ಕೊನೆಯ ಸಾಲು ಬಂದ ಕೂಡಲೇ ಭಾಲ್ಕಿಯ ಕಾಕಾ ಏಳುತ್ತಾರೆ. “ಹೊರಗ ಒಂದು ಬೋರ್ಡ್, ಒಳಗ ಇನ್ನೊಂದು ಪಾಠ. ಅಪ್ಪೋರು ಮಾಡಿದ್ದು ಪುಣ್ಯದ ಕೆಲಸಕ್ಕ. ನೀವು ಯಾವ ಪುಣ್ಯಕ್ಕ ಮಾಡ್ಲತ್ತೀರಿ?”

ಆ ಕೊನೆಯ ಸಾಲಿನಲ್ಲಿ ಬರುವುದೆಲ್ಲ ಸಾಮಾನ್ಯವಾಗಿ ‘ಘಟನೋತ್ತರ ಮಂಜೂರಾತಿ’. ಅಂದರೆ ಕೆಲಸ ಆಗಿದೆ, ರೊಕ್ಕ ಹೋಗಿದೆ, ಒಪ್ಪಿಗೆ ಒಂದು ಬಾಕಿ. ಔರಾದಿನ ಕಾಕಾಗೆ ಇದರ ಮೇಲೆ ಹಳೆ ಸಿಟ್ಟು. ಶಿವರಾತ್ರಿಯ ಅಮರೇಶ್ವರ ಜಾತ್ರೆಗೆ ಟ್ಯಾಂಕರ್ ಎಷ್ಟು, ಸುಣ್ಣದ ಪುಡಿ ಎಷ್ಟು ಎಂಬ ಪಟ್ಟಿ ಜಾತ್ರೆ ಮುಗಿದ ಮೇಲೆ ಸಭೆಗೆ ಬಂದರೆ ಅವರ ಮಾತು: “ಲಗ್ನ ಆಗಿ ಕೂಸು ಆದ ಮ್ಯಾಲ ಹೆಣ್ಣು ನೋಡ್ಲಕ್ಕ ಕರೀತೀರಿ.” ಔರಾದ್ ಚಿಕ್ಕ ಊರು. ಟ್ಯಾಂಕರ್ ಎಷ್ಟು ಸಲ ಬಂತು ಎಂಬುದನ್ನು ಅವರು ಕಟ್ಟೆಯ ಮೇಲೆ ಕುಂತೇ ಎಣಿಸಿರುತ್ತಾರೆ. ಬೀದರ್ ನಗರಸಭೆಯಲ್ಲಿ 35 ವಾರ್ಡು, ಅಲ್ಲಿಯ ಕಾಕಾಗೆ ಈ ಸುಖವಿಲ್ಲ.

ಕಾಕಾಗಳ ಕಷ್ಟದ ಕಾಲ ಎಂದರೆ ಆಡಳಿತಾಧಿಕಾರಿಯ ಕಾಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಅವಧಿ ಎರಡೂವರೆ ವರ್ಷ. 2023ರಲ್ಲಿ ರಾಜ್ಯದ ಎಷ್ಟೋ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಮೊದಲ ಅವಧಿ ಮುಗಿಯಿತು. ಎರಡನೇ ಅವಧಿಗೆ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಸದಸ್ಯರು ಇದ್ದರು, ಕುರ್ಚಿಯಲ್ಲಿ ಅಧಿಕಾರಿ ಇದ್ದರು. ಅಧಿಕಾರಿಯ ಮುಂದೆ ಮೇಜು ಕುಟ್ಟುವಂತಿಲ್ಲ, ಅರ್ಜಿ ಕೊಡಬೇಕು. ಕಾಕಾಗಳು ಅರ್ಜಿ ಕೊಟ್ಟರು. ‘ನಿಯಮಾನುಸಾರ ಪರಿಶೀಲಿಸಲಾಗುವುದು’ ಎಂಬ ಉತ್ತರವೂ ಬಂತು. ಹಿಸಾಬ್ ಕೇಳಲಿಕ್ಕೆ ಎದುರಿಗೆ ಗುದ್ದಾಡುವ ಒಬ್ಬ ಮನುಷ್ಯ ಬೇಕು, ಕಾಗದದ ಜೊತೆ ಏನು ಜಗಳ? ಆ ದಿನಗಳಲ್ಲಿ ಒಬ್ಬ ಕಾಕಾ ಚಹಾದಂಗಡಿಯವನ ಉದ್ರಿ ಪುಸ್ತಕ ತರಿಸಿಕೊಂಡು ತಪ್ಪು ಹುಡುಕುತ್ತಿದ್ದರಂತೆ.

ಪೌರಾಡಳಿತ ಖಾತೆ ನಮ್ಮ ಜಿಲ್ಲೆಗೆ ಹೊಸದಲ್ಲ. 2016ರಿಂದ 18ರವರೆಗೆ ಭಾಲ್ಕಿಯ ಈಶ್ವರ ಖಂಡ್ರೆ, 2023ರಿಂದ ಬೀದರಿನ ರಹೀಂ ಖಾನ್. ಇದರಿಂದ ಕಾಕಾಗಳಿಗೆ ಒಂದು ಕಡೆ ಅಭಿಮಾನ, ಇನ್ನೊಂದು ಕಡೆ ಇಕ್ಕಟ್ಟು. “ಮೊದಲ ಏನಾದ್ರೂ ಕೆಟ್ರ ಬೆಂಗಳೂರೋರು ನಮ್ಮನ್ನ ಕೇಳಂಗಿಲ್ಲ ಅಂತ ಬೈತಿದ್ದೆವು. ಈಗ ಹಂಗ ಬೈಲಕ್ಕೂ ಬರಲ್ಲ.”

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸೇರಿದ ಸಚಿವ ಸಂಪುಟ ಬೀದರ್, ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಊರೆಲ್ಲ ಪಟಾಕಿ ಹೊಡೆಯುವ ಮಾತಾಡುತ್ತಿದ್ದರೆ ಬೀದರಿನ ಕಾಕಾ ಮಂಕಾದರು. ರಟ್ಟು ಹಾಕಿ ಚೀಟಿ ಇಟ್ಟ 1964ರ ಪುಸ್ತಕ ಪಾಲಿಕೆಗೆ ನಡೆಯುವುದಿಲ್ಲ, ಅಲ್ಲಿಗೆ 1976ರ ಬೇರೆ ಕಾಯ್ದೆ. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಹೊಸ ಪುಸ್ತಕ ತರಿಸಿದರು. ಓದುತ್ತ ಓದುತ್ತ ಮುಖ ಅರಳಿತು. ಪಾಲಿಕೆಯಲ್ಲಿ ಲೆಕ್ಕಪತ್ರಕ್ಕೆಂದೇ ಪ್ರತ್ಯೇಕ ಸ್ಥಾಯಿ ಸಮಿತಿ ಇದೆ, ಅದಕ್ಕೊಬ್ಬ ಅಧ್ಯಕ್ಷ ಇರುತ್ತಾನೆ.

ಆ ಸುದ್ದಿಯನ್ನು ಅವರು ಹಂಚಿಕೊಂಡದ್ದು ಭಾಲ್ಕಿಯ ಒಂದು ಲಗ್ನದ ಪಂಕ್ತಿಯಲ್ಲಿ. ಮೂವರೂ ಅಕ್ಕಪಕ್ಕ ಕುಂತಿದ್ದರು. ಭಾಲ್ಕಿಯವರು ಹೋಳಿಗೆ ಎಷ್ಟು ಬಂದವು, ಬಡಿಸುವವರು ಎಷ್ಟು ಮಂದಿ ಎಂದು ಕಣ್ಣಲ್ಲೇ ತಾಳೆ ಹಾಕುತ್ತಿದ್ದರು. ಔರಾದಿನವರು ಎಲ್ಲ ಕೇಳಿ, ನಿಧಾನಕ್ಕೆ ಅಂದರು:

“ಪಾಲಿಕೆ ಆದ್ರ ಮೇಯರ್‌ಗೆ ಕಾರ್ ಕೊಡ್ತಾರಂತಲ್ಲ?”

“ಕೊಡ್ತಾರ.”

“ಡೀಸೆಲ್?”

ಬೀದರಿನ ಕಾಕಾ ತುಪ್ಪದ ಕೈಯಲ್ಲೇ ಚೀಲ ಹುಡುಕತೊಡಗಿದರು.