ಬೈಯಲಿಕ್ಕೊಬ್ಬ ಮದ್ದಿನ ಚಾಚಾ

ಆಳಂದದ ನಮ್ಮ ಹಳೇ ಓಣಿಯಲ್ಲಿ ಬೆಂಕಿಗೆ ಎಲ್ಲರಿಗಿಂತ ಹೆಚ್ಚು ಅಂಜುತ್ತಿದ್ದವನೆಂದರೆ ಮದ್ದು ಮಾಡುವ ಚಾಚಾ. ಉಳಿದವರ ಮನೆಗಳಲ್ಲಿ ಸೀಮೆಎಣ್ಣೆ ಡಬ್ಬಿಯ ಮಗ್ಗುಲಿಗೇ ಒಲೆ ಉರಿಯುತ್ತಿತ್ತು. ಕಣಿಕೆಯ ಬಣವೆಗೆ ಬೆನ್ನು ಹಚ್ಚಿ ಕೂತು ಮುದುಕರು ಬೀಡಿ ಸೇದುತ್ತಿದ್ದರು. ಯಾರ ಮನಸ್ಸಿಗೂ ಏನೂ ಅನಿಸುತ್ತಿರಲಿಲ್ಲ. ಚಾಚಾನ ಮನೆಯಲ್ಲಿ ಮಾತ್ರ ಒಲೆಯೇ ಇರಲಿಲ್ಲ. ಚಾಚಿ ನಾಲ್ಕು ಮನೆ ದಾಟಿ ತಂಗಿಯ ಮನೆಗೆ ಹೋಗಿ ರೊಟ್ಟಿ ಬಡಿದು ತರಬೇಕಿತ್ತು. ‘ಈ ಮನ್ಯಾಗ ಒಂದಿನಾರ ಬಿಸಿ ರೊಟ್ಟಿ ಉಂಡೀನೇನು?’ ಎಂಬುದು ಚಾಚಾನ ಕಾಯಂ ದೂರು. ಒಲೆ ಕೆಡವಿಸಿದವನು ನೀನೇ ಅಲ್ಲವೇ ಎಂಬುದು ಚಾಚಿಯ ಕಾಯಂ ಉತ್ತರ.

ಓಣಿಗೆಲ್ಲ ಅವನು ಚಾಚಾ. ಅವನಿಗಿಂತ ಹತ್ತಾರು ವರ್ಷ ದೊಡ್ಡವನಾದ ನಮ್ಮ ಮುತ್ಯಾನೂ ಚಾಚಾ ಅಂತಲೇ ಕರೆಯುತ್ತಿದ್ದ. ಅಂಗಳದ ಹೊರಗೆ ಒಂದು ಬೇವಿನ ಗಿಡ, ಅದರ ಬುಡಕ್ಕೆ ಒಂದು ತಗಡಿನ ಡಬ್ಬಿ. ಬಂದವರು ಗೌಡರಿರಲಿ, ಮಾಸ್ತರರಿರಲಿ, ಬೀಡಿ ಮತ್ತು ಕಡ್ಡಿಪೆಟ್ಟಿಗೆ ಡಬ್ಬಿಯಲ್ಲಿ ಹಾಕಿಯೇ ಒಳಗೆ ಬರಬೇಕು. ಹೋಗುವಾಗ ಯಾರ ಬೀಡಿ ಯಾವುದು ಎಂಬ ಲೆಕ್ಕ ತಪ್ಪುತ್ತಿತ್ತು. ಮದ್ದು ಕೊಳ್ಳುವ ಉದ್ದೇಶವೇ ಇಲ್ಲದ ಕೆಲವು ಹಿರಿಯರು ಖಾಲಿ ಜೇಬಿನಲ್ಲಿ ಬಂದು, ಕುಶಲ ವಿಚಾರಿಸಿ, ತುಂಬಿದ ಕಟ್ಟಿನೊಂದಿಗೆ ಹೋಗುತ್ತಿದ್ದುದೂ ಉಂಟು. ನೈಲಾನ್ ಅಂಗಿ ಬಂದ ಹೊಸತು ಅದು. ಲಗ್ನದ ಮೆರವಣಿಗೆಗೆ ಮದ್ದು ಹೇಳಲು ಬಂದ ವರನ ಕಡೆಯವರು ಅಂಥ ಅಂಗಿ ತೊಟ್ಟು ಮಿಂಚುತ್ತ ಬಂದರೆ, ಚಾಚಾ ಕಟ್ಟೆಯ ಮೇಲಿಂದಲೇ ಕೈ ಅಡ್ಡ ಹಿಡಿಯುತ್ತಿದ್ದ: ‘ಆ ಅಂಗಿ ಕಿಡಿ ಹಾರಸ್ತದ್ರೀ. ಅಲ್ಲೇ ನಿಂತು ಮಾತಾಡ್ರಿ, ಇಲ್ಲಂದ್ರ ಅಂಗಿ ತಗದು ಬರ್ರಿ.’ ಬನಿಯನ್ನಿನಲ್ಲಿ ಕೂತು ಚೌಕಾಶಿ ಮಾಡುವವನ ದನಿ ತಾನಾಗಿಯೇ ತಗ್ಗುತ್ತದೆ. ಚಾಚಾನ ವ್ಯಾಪಾರದ ಜಾಣತನ ಅಲ್ಲಿತ್ತೋ ಏನೋ ಎಂದು ಈಗ ಅನುಮಾನ ಬರುತ್ತದೆ.

ಮದ್ದಿಗೆ ಬೇಕಾದದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು. ಮೂರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಲ್ಲಿನಲ್ಲಿ ಅರೆಯಬೇಕು. ಕೂಡಿಸುವಾಗ ಕಬ್ಬಿಣದ ಸಾಮಾನು ಹತ್ತಿರ ಬರಬಾರದು, ಎಲ್ಲ ಕಟ್ಟಿಗೆಯದೇ. ಇದ್ದಿಲು ತೊಗರಿ ಕಟ್ಟಿಗೆಯದೇ ಆಗಬೇಕೆಂದು ಚಾಚಾನ ಹಟ. ಅದು ಹಗುರ, ಬೇಗ ಹೊತ್ತುತ್ತದೆ, ಮೇಲಾಗಿ ನಮ್ಮ ಕಡೆ ಪುಕ್ಕಟೆ. ರಾಶಿ ಮುಗಿದ ಮೇಲೆ ಕಟ್ಟಿಗೆ ಒಯ್ಯಲು ಬಂದ ಚಾಚಾನನ್ನು ಹೊಲದವರು ಬೇಡ ಎನ್ನುತ್ತಿರಲಿಲ್ಲ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಾಗ ಊರವರೆಲ್ಲ ಪೇಡೆ ಹಂಚಿದರು. ಬೇಳೆಗೆ ಸಿಕ್ಕಿತು, ಕಟ್ಟಿಗೆಯನ್ನು ಯಾರೂ ಕೇಳಲಿಲ್ಲ.

ಹೂಕುಂಡ ತುಂಬುವುದನ್ನು ನೋಡಲು ನಮಗೆ ಗೋಡೆಯಾಚೆಯಿಂದ ಮಾತ್ರ ಅಪ್ಪಣೆ. ಕುಂಬಾರರು ಮಾಡಿಕೊಟ್ಟ ಮುಷ್ಟಿಯಷ್ಟಿನ ಮಡಿಕೆಯನ್ನು ಚಾಚಾ ಬೋರಲು ಹಿಡಿದು, ತಳದ ತೂತಿನಿಂದ ಚಿಟಿಕೆ ಚಿಟಿಕೆಯಾಗಿ ಮದ್ದು ತುಂಬಿ, ಕಟ್ಟಿಗೆಯ ಕಡ್ಡಿಯಿಂದ ಒತ್ತಿ, ಕೊನೆಗೆ ಹಸಿ ಮಣ್ಣು ಮೆತ್ತುತ್ತಿದ್ದ. ಬಂಗಾರದ ಬಣ್ಣದ ಕಿಡಿಗೆ ಕಬ್ಬಿಣದ ಪುಡಿ ಬೇಕು. ಪೆಟ್ಲುಪ್ಪಿನ ಜೊತೆ ಕೂಡಿದರೆ ಅದು ತುಕ್ಕು ಹಿಡಿದು ಸಾಯುತ್ತದೆ. ಅದಕ್ಕೇ ಮೊದಲು ಅಗಸೆ ಎಣ್ಣೆಯಲ್ಲಿ ಕಲಸಿ ಆರಿಸುವುದು. ಚಟ್ನಿಗೆ ಹಾಕಲು ತಂದಿಟ್ಟ ಎಣ್ಣೆ ಕಬ್ಬಿಣದ ಪಾಲಾದದ್ದಕ್ಕೆ ಚಾಚಿ ವರ್ಷಕ್ಕೊಮ್ಮೆ ಮಾತು ಬಿಡುತ್ತಿದ್ದಳು.

ಪಟಾಕಿಗೆ ಸುತ್ತುವ ಕಾಗದ ರದ್ದಿಯದು. ಒಂದೇ ಸರದಲ್ಲಿ ಸೋಲಾಪುರದ ಮರಾಠಿ ಪತ್ರಿಕೆ, ಹೈದರಾಬಾದಿನ ಉರ್ದು ‘ಸಿಯಾಸತ್’, ನಮ್ಮ ‘ಸಂಯುಕ್ತ ಕರ್ನಾಟಕ’ ಸಾಲಾಗಿ ಸಿಡಿಯುತ್ತಿದ್ದವು. 1956ರಲ್ಲಿ ಹೈದರಾಬಾದ್ ರಾಜ್ಯವನ್ನು ಭಾಷೆಗೊಂದು ಪಾಲು ಮಾಡಿ ಹಂಚಿ, ಆಳಂದದ ಆಚೆಗೇ ಗೆರೆ ಎಳೆದಿದ್ದರೂ ಚಾಚಾನ ರದ್ದಿಗೆ ಆ ಸುದ್ದಿ ಮುಟ್ಟಿರಲಿಲ್ಲ. ನಮಗೆ ಆಸಕ್ತಿ ಇದ್ದದ್ದು ನಾಲ್ಕನೆಯ ಬಗೆಯ ಕಾಗದದಲ್ಲಿ. ಶಾಲೆಯ ಹಳೇ ಉತ್ತರ ಪತ್ರಿಕೆಗಳು ಹೇಗೋ ಚಾಚಾನ ಮನೆ ಸೇರುತ್ತಿದ್ದವು. ಹಬ್ಬದ ಮರುದಿನ ಬೆಳಗ್ಗೆ ಓಣಿಯ ಹುಡುಗರೆಲ್ಲ ಚೂರು ಆಯ್ದು ಓದುತ್ತಿದ್ದೆವು. ಒಂದರಲ್ಲಿ ಅರ್ಧ ತ್ರೈರಾಶಿ, ಒಂದರಲ್ಲಿ ‘ಅಶೋಕನು ಸಾಲುಮರ’, ಒಂದರಲ್ಲಿ ಮಾಸ್ತರರ ಕೆಂಪು ಸೊನ್ನೆ. ಸೊನ್ನೆ ಯಾರದೆಂದು ಅಕ್ಷರ ನೋಡಿ ಪತ್ತೆ ಹಚ್ಚಿ, ಅವನ ಮನೆ ಬಾಗಿಲಿಗೆ ಒಯ್ದು ಮುಟ್ಟಿಸುವುದು ನಮ್ಮ ದೀಪಾವಳಿಯ ಮುಖ್ಯ ಕಾರ್ಯಕ್ರಮ.

ನಮ್ಮ ಆಯಿಗೆ ಮಾತ್ರ ಪಟಾಕಿಯ ಸದ್ದು ಕೊನೆಯವರೆಗೂ ಸೇರಲಿಲ್ಲ. ಒಂದು ಢಂ ಅಂದರೆ ಸಾಕು, ಎದ್ದು ಬಾಗಿಲ ಅಗಳಿ ಹಾಕುತ್ತಿದ್ದಳು. 1948ರ ರಜಾಕಾರರ ದಿನಗಳನ್ನು ಕಂಡವಳು ಅವಳು. ಚಾಚಾನಿಗೆ ಇದು ಗೊತ್ತಿತ್ತು. ದೊಡ್ಡ ಪಟಾಕಿ ಪರೀಕ್ಷೆ ಮಾಡುವ ಮೊದಲು ನಮ್ಮ ಮನೆಗೆ ಬಂದು, ‘ಅವ್ವಾ, ಒಂದು ಸುಡ್ಲಕತ್ತೀನಿ, ಅಗಳಿ ಹಾಕ್ಕೋ’ ಎಂದು ಹೇಳಿ ಹೋಗುತ್ತಿದ್ದ.

ಚಾಚಾನ ಹೆಸರು ದೊಡ್ಡದಾದದ್ದು ಜಾತ್ರೆಗಳ ಬೆಂಕಿ ಅಕ್ಷರದಿಂದ. ಬಿದಿರಿನ ಸೀಳು ಬಗ್ಗಿಸಿ ಅಕ್ಷರ ಮಾಡಿ, ಅದರ ಮೈತುಂಬ ಸಣ್ಣ ಮದ್ದಿನ ಕೊಳವೆ ಕಟ್ಟಿ, ಎಲ್ಲಕ್ಕೂ ಒಂದೇ ಬತ್ತಿ ಹಾಯಿಸುವುದು. ಬರೀ ಬತ್ತಿ ಮೆಲ್ಲಗೆ ಉರಿಯುತ್ತದೆ. ಅದನ್ನೇ ಕಾಗದದ ಕೊಳವೆಯೊಳಗೆ ಸೇರಿಸಿದರೆ ಕಣ್ಣು ಪಿಳುಕಿಸುವುದರೊಳಗೆ ತುದಿ ಮುಟ್ಟುತ್ತದೆ. ದೇವರ ಹೆಸರು ಕತ್ತಲಲ್ಲಿ ಒಮ್ಮೆಗೇ ಉರಿದೇಳುವ ಗುಟ್ಟು ಅದು. ದರ ಮಾತ್ರ ಅಕ್ಷರದ ಮೇಲೆ. ಕಮಿಟಿಯವರಿಗೆ ಚಾಚಾ ಬಿಡಿಸಿ ಹೇಳುತ್ತಿದ್ದ: ‘ಮರಾಠಿಗಿ ಮ್ಯಾಲೊಂದು ಜಂತಿ ಹಾಕಿದ್ರ ಮುಗೀತು, ಕೆಳಗ ಜೋತು ಬಿಡೋದು. ಉರ್ದುಕ್ಕ ಎರಡು ಬಾಗು, ಮ್ಯಾಲ ನಾಕು ಚುಕ್ಕಿ. ನಿಮ್ಮ ಕನ್ನಡಕ್ಕ ಸುತ್ತೇ ಸುತ್ತು, ಸಾಲದಂತ ಕೆಳಗ ಒತ್ತು. ಒತ್ತಿಗಿ ಬ್ಯಾರೆ ರೊಕ್ಕ.’ ‘ಶ್ರೀ ಬಸವೇಶ್ವರ ಪ್ರಸನ್ನ’ ಎಂದು ಬರೆಸಲು ಬಂದವರು ನಾಲ್ಕು ಒತ್ತಿನ ಲೆಕ್ಕ ಕೇಳಿ ದಂಗಾದರು. ಮೊದಲು ಪ್ರಸನ್ನ ಹೋಯಿತು. ಆಮೇಲೆ ಶ್ರೀ ಹೋಯಿತು. ಚಹಾ ಬಂತು, ಮತ್ತೆ ಮಾತು ನಡೆದು ಈಶ್ವರನೂ ಹೋದ. ಕೊನೆಗೆ ಒಬ್ಬ ಹಿರಿಯರು, ‘ಬಸವ ಅಂತ ಬರೀರಿ ಸಾಕು, ದೇವರಿಗಿ ತಿಳೀತದ’ ಎಂದು ವ್ಯವಹಾರ ಮುಗಿಸಿದರು.

ಇದೇ ಸೀಮೆಯಲ್ಲಿ ಹಿಂದೆ ಬೇರೆ ಥರದ ಗಿರಾಕಿಗಳೂ ಇದ್ದರು. ಪರಶುರಾಮ ಕೃಷ್ಣ ಗೋಡೆಯವರು ಭಾರತದ ಮದ್ದುಬಾಣಗಳ ಚರಿತ್ರೆ ಬರೆದಿದ್ದಾರೆ, 1953ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ವಿಜಯನಗರದ ಮಹಾನವಮಿಯಲ್ಲಿ ಮದ್ದಿನಾಟ ಕಂಡು ಬೆರಗಾದದ್ದು ಅದರಲ್ಲಿದೆ. ಬಿಜಾಪುರದ ಇಬ್ರಾಹಿಂ ಆದಿಲಶಾಹ 1609ರಲ್ಲಿ ತನ್ನ ಆಸ್ಥಾನಿಕನೊಬ್ಬನ ಮಗಳನ್ನು ಮಲಿಕ್ ಅಂಬರನ ಮಗನಿಗೆ ಕೊಟ್ಟು ಲಗ್ನ ಮಾಡಿಸಿದಾಗ, ಮದ್ದಿಗೇ 80,000 ರೂಪಾಯಿಯಷ್ಟು ಸುರಿದನಂತೆ. ಆ ದುಡ್ಡಿಗೆ ಎಷ್ಟು ಒತ್ತಕ್ಷರ ಬಂದಾವೆಂದು ಚಾಚಾನನ್ನೇ ಕೇಳಬೇಕಿತ್ತು. ಮದ್ದಿನ ಆ ಹುಚ್ಚು ಬಿಜಾಪುರಕ್ಕೆ ಇನ್ನೂ ಬಿಟ್ಟಿಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಚಿತ್ರವಿಚಿತ್ರ ಮದ್ದು ಸುಡುವುದನ್ನು ನೋಡಲು ಜನ ಇವತ್ತೂ ಮುಗಿಬೀಳುತ್ತಾರೆ. ಚಾಚಾ ತಪ್ಪದೆ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು ನೋಡಿ ಬಂದು, ಯಾವ ಬಾಣದ ಬಾಲ ಗಿಡ್ಡ, ಯಾವುದರಲ್ಲಿ ಇದ್ದಿಲು ಹೆಚ್ಚು ಎಂದು ತಿಂಗಳುಗಟ್ಟಲೆ ವರದಿ ಒಪ್ಪಿಸುತ್ತಿದ್ದ.

ಅಫಜಲಪುರದ ಕಡೆಯ ಜಾತ್ರೆಗಳಿಗೆ ಮದ್ದು ಹೋಗುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಬಸ್ಸಿನಲ್ಲಿ ಒಯ್ಯುವ ಧೈರ್ಯ ಕಂಡಕ್ಟರನಿಗಿಂತ ಚಾಚಾನಿಗೇ ಕಡಿಮೆ. ಘತ್ತರಗಿ, ಗಾಣಗಾಪುರದ ದಾರಿಯಲ್ಲಿ ರಾತ್ರಿಯಿಡೀ ಗಾಡಿಯ ಮುಂದೆ ತಾನು ನಡೆಯುತ್ತಿದ್ದ. ಗಾಡಿ ಹೊಡೆಯುವವನು ಬೆಳಗಾಗುವವರೆಗೆ ಬೀಡಿ ಮುಟ್ಟುವಂತಿಲ್ಲವಾದ್ದರಿಂದ ಎರಡು ಪಟ್ಟು ಬಾಡಿಗೆ.

ಬಾಣ ಹಾರಿಸುವ ಮೊದಲು ಚಾಚಾ ಅದನ್ನು ತೋರುಬೆರಳಿನ ಮೇಲೆ ಅಡ್ಡ ಇಟ್ಟು ತೂಗುತ್ತಿದ್ದ. ಮದ್ದಿನ ಕೊಳವೆಯ ಕುತ್ತಿಗೆಯ ಸ್ವಲ್ಪ ಕೆಳಗೆ ಬೆರಳಿಟ್ಟಾಗ ಎರಡೂ ಕಡೆ ಸಮ ನಿಲ್ಲಬೇಕು. ನಿಲ್ಲದಿದ್ದರೆ ಬಿದಿರಿನ ಬಾಲವನ್ನು ಚೂರಿಯಿಂದ ಹೆರೆಯುವುದು, ಮತ್ತೆ ತೂಗುವುದು, ಮತ್ತೆ ಹೆರೆಯುವುದು. ಅಕ್ಕಸಾಲಿಗನ ಹಾಗೆ ಒಂದು ಕಣ್ಣು ಮುಚ್ಚಿ ಇಷ್ಟೆಲ್ಲ ಮಾಡಿದ ಬಾಣ ನೆಟ್ಟಗೆ ಮೇಲೇರಿ, ಒಂದು ಕ್ಷಣ ಯೋಚಿಸಿ, ತಿರುಗಿ ಗೌಡರ ಬಣವೆಯ ದಿಕ್ಕು ಹಿಡಿಯುತ್ತಿತ್ತು. ಆಮೇಲಿನದೇ ನಿಜವಾದ ಜಾತ್ರೆ. ಜನ ಕೊಡ ಹಿಡಿದು ಓಡುವುದು, ಬಣವೆ ನೆನೆಯುವುದು, ಎಲ್ಲರೂ ತಿರುಗಿ ಬಂದು ಚಾಚಾನನ್ನು ಸುತ್ತುಗಟ್ಟಿ ಬೈಯುವುದು. ‘ಜೇವರ್ಗಿ ಕಡೆಯವನ ಬಾಣ ಭೀಮಾ ನದಿ ದಾಟತಾವ, ನಿನ್ನವು ಬಣವಿ ದಾಟಂಗಿಲ್ಲಲ್ಲೋ!’ ಎಂದರೆ ಚಾಚಾನಿಗೆ ಎಲ್ಲಿಲ್ಲದ ಸಿಟ್ಟು: ‘ಅವನ ಬಾಣ ನದ್ಯಾಗ ಬೀಳ್ತಾವ್ರೀ. ನೀರಿಗಿ ಬಣವಿ ಇರ್ತಾವೇನು?’ ಬೈಗುಳ ಮುಗಿದ ಮೇಲೆ ಗೌಡರೇ ಕರೆದು ಊಟಕ್ಕೆ ಹಾಕುತ್ತಿದ್ದರು. ಮರುವರ್ಷದ ಮುಂಗಡವೂ ಅಲ್ಲೇ. ಒಂದೂ ತಪ್ಪದೆ ಎಲ್ಲ ಬಾಣ ನೆಟ್ಟಗೆ ಹಾರಿದ ವರ್ಷ ಜನ ಆಕಳಿಸುತ್ತ ಮನೆಗೆ ಹೋದದ್ದನ್ನು ನಾನೇ ಕಂಡಿದ್ದೇನೆ.

ಅಷ್ಟರಲ್ಲಿ ಊರಿಗೆ ಶಿವಕಾಶಿಯ ಡಬ್ಬಿಗಳು ಬಂದವು. ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬ ಸೋದರಸಂಬಂಧಿಗಳು 1920ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವುದನ್ನು ಕಲಿತು ಬಂದದ್ದರಿಂದ ಶುರುವಾದ ಊರಿನ ಕಸುಬು ಅದು. ಬಣ್ಣದ ಚಿತ್ರ, ಹೊಳೆಯುವ ಕಾಗದ, ಬೆಲೆಯೂ ಕಡಿಮೆ. ಚಾಚಾ ಒಂದು ಡಬ್ಬಿ ಕೊಂಡು ತಂದು, ಗಿಡದ ಕೆಳಗೆ ಕೂತು, ಒಂದೊಂದೇ ಬಿಚ್ಚಿ ನೋಡಿದ. ‘ಕೆಲಸ ಚೊಲೋ ಅದ’ ಎಂದ. ಮೆಚ್ಚಿದ್ದೋ, ಹೆದರಿದ್ದೋ ತಿಳಿಯಲಿಲ್ಲ. ಅತ್ತ 1884ರ ಸ್ಫೋಟಕ ಕಾಯ್ದೆಯ ಪರವಾನಗಿಯ ಕಾಗದಪತ್ರ ವರ್ಷ ವರ್ಷ ದಪ್ಪವಾಗುತ್ತ ಹೋಯಿತು. ಅದನ್ನು ನೋಡಲು ಬರುವವರ ಕೈಚೀಲವೂ ಹೋಗುವಾಗ ದಪ್ಪವಾಗಿರುತ್ತಿತ್ತು. ಚಾಚಾನ ಮಕ್ಕಳು ಒಬ್ಬ ಟೇಲರ್, ಒಬ್ಬ ಮೊಬೈಲ್ ಅಂಗಡಿ. ಮನೆಗೆ ಒಲೆ ಬಂತು. ಬಿಸಿ ರೊಟ್ಟಿ ಉಣ್ಣಲು ಆಗ ಚಾಚಾನಿಗೆ ಹಲ್ಲಿರಲಿಲ್ಲ.

ಈಗ ಡಬ್ಬಿಯ ರಾಕೆಟ್ ಅಡ್ಡ ಹೋದರೆ ಓಣಿಯ ಜನ ತಂತಮ್ಮ ಬಾಗಿಲಲ್ಲಿ ನಿಂತು ಗಾಳಿಗೆ ಬೈಯುತ್ತಾರೆ. ಗಾಳಿ ತಿರುಗಿ ಉತ್ತರ ಕೊಡುವುದಿಲ್ಲ, ಊಟಕ್ಕೂ ಬರುವುದಿಲ್ಲ. ಅದಕ್ಕೇ ಚಾಚಾ ಹೇಳುತ್ತಿದ್ದ ಒಂದು ಮಾತನ್ನು ಓದುಗರಿಗೆ ದಾಟಿಸುತ್ತೇನೆ. ಹಚ್ಚಿದ ಪಟಾಕಿ ಹತ್ತದಿದ್ದರೆ ಹತ್ತಿರ ಹೋಗಿ ಬಗ್ಗಿ ಊದಬೇಡಿ, ಇನ್ನೊಮ್ಮೆ ಕಡ್ಡಿ ಕೊರೆಯಬೇಡಿ. ಸ್ವಲ್ಪ ಹೊತ್ತು ತಡೆದು, ದೂರದಿಂದಲೇ ಒಂದು ಕೊಡ ನೀರು ಸುರಿದು, ಒಳಗೆ ಹೋಗಿ ಹೋಳಿಗೆ ಉಣ್ಣಿ. ಬೈಯಲೇಬೇಕೆನಿಸಿದರೆ ಡಬ್ಬಿಯ ಮೇಲೆ ವಿಳಾಸ ಇರುತ್ತದೆ, ಕಾರ್ಡು ಬರೆದು ಹಾಕಿ. ಶಿವಕಾಶಿಯ ಪಿನ್ ಕೋಡ್ 626123.