ಎಂಥ ಮಾಡಲ್ಲ, ಬನ್ನಿ!

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಿಗೆ ಹೋದವರು ದಣಪೆಯ ಹತ್ತಿರ ನಿಂತು ‘ಯಜಮಾನರು ಇದ್ದಾರಾ?’ ಎಂದು ಕೂಗುವುದಿಲ್ಲ. ‘ಹೋಯ್, ನಾಯಿ ಕಟ್ಟಿದೀರಾ?’ ಎಂದು ಕೂಗುತ್ತಾರೆ. ಉತ್ತರಕ್ಕಿಂತ ಮೊದಲು ನಾಯಿ ಬರುತ್ತದೆ. ಅದರ ಹಿಂದೆ, ಯಾವ ಅವಸರವೂ ಇಲ್ಲದೆ ಯಜಮಾನರು ಬರುತ್ತಾರೆ. ಬಾಯಲ್ಲಿ ಕವಳ. ರಸ ಚೆಲ್ಲದ ಹಾಗೆ ಗದ್ದ ಮೇಲೆತ್ತಿ ಅವರು ಹೇಳುವ ಮಾತು ಒಂದೇ: ‘ಎಂಥ ಮಾಡಲ್ಲ ಮಾರಾಯ್ರೇ, ಬನ್ನಿ ಬನ್ನಿ.’

ಈ ಯಜಮಾನರು ಸಾಗರದ ಕಡೆ ಹೆಗಡೆಯೋ ಭಟ್ಟರೋ ಆಗಿರಬಹುದು, ಹೊಸನಗರದ ಕಡೆ ನಾಯ್ಕರಿರಬಹುದು, ತೀರ್ಥಹಳ್ಳಿಯ ಕಡೆ ಗೌಡರಿರಬಹುದು. ಜಾತಿ ಬೇರೆ, ಪಕ್ಷ ಬೇರೆ, ಅಡಿಕೆ ಹಾಕುವ ಮಂಡಿ ಬೇರೆ. ನಾಯಿಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲರದೂ ಒಂದೇ ಮತ. ಅವರ ಪ್ರಕಾರ ಜಗತ್ತಿನಲ್ಲಿ ಕಚ್ಚುವ ನಾಯಿ ಎಂಬುದು ಇಲ್ಲ. ಕಚ್ಚಿಸಿಕೊಳ್ಳುವ ಜನ ಇದ್ದಾರೆ, ಅಷ್ಟೇ.

ಹಾಗಾಗಿ ನಿಯಮಗಳೆಲ್ಲ ಬಂದವರಿಗೆ. ಓಡಬಾರದು. ಹಾಗಂತ ಕಂಬದ ಹಾಗೆ ನಿಂತರೂ ಅದಕ್ಕೆ ಅನುಮಾನ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈಯಲ್ಲಿ ಚೀಲ ಇರಬಾರದು, ಇದ್ದರೆ ಬೀಸಬಾರದು. ತಲೆಗೆ ಹೆಲ್ಮೆಟ್ ಇರಬಾರದು. ‘ಹೆದರಬೇಡಿ, ಹೆದರಿದ್ರೆ ಅದಕ್ಕೆ ಗೊತ್ತಾಗ್ತದೆ’ ಎಂಬುದು ಕೊನೆಯ, ಬಹಳ ಕಷ್ಟದ ನಿಯಮ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆಯ ದಿಕ್ಕಿನಲ್ಲಿ ಮಳೆಗಾಲ ಹಿಡಿಯಿತೆಂದರೆ ತಿಂಗಳುಗಟ್ಟಲೆ ಕೊಡೆ ಮಡಚುವ ಹಾಗಿಲ್ಲ. ಅಲ್ಲಿನ ಯಜಮಾನರು ಜಗಲಿಯ ಚಿಟ್ಟೆಯ ಮೇಲೆ ಬೆಚ್ಚಗೆ ಕೂತು ಹೇಳುತ್ತಾರೆ: ‘ಅದಕ್ಕೆ ಕೊಡೆ ಕಂಡ್ರೆ ಆಗೂದಿಲ್ಲ. ಮಡಚಿಕೊಂಡು ಬನ್ನಿ.’ ಬಂದವನು ಕೊಡೆ ಮಡಚಿ, ಕಚ್ಚಿದರೆ ಕಚ್ಚಲಿ ಎಂದು ನೆನೆಯುತ್ತಾ ನಿಲ್ಲುತ್ತಾನೆ. ನಾಯಿ ಅವನ ಮೀನಖಂಡವನ್ನು ನಿಧಾನವಾಗಿ ಮೂಸುತ್ತದೆ. ಯಜಮಾನರು ಆ ಹೊತ್ತಿನಲ್ಲೇ ಪೇಟೆಯಲ್ಲಿ ರಾಶಿ ಇಡಿ ರೇಟು ಎಷ್ಟಾಯಿತು ಎಂದು ವಿಚಾರಿಸುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗಿ ಮೇಷ್ಟ್ರುಗಳು ಮನೆಮನೆ ತಿರುಗಿದರಲ್ಲ, ಆಗ ನೋಡಬೇಕಿತ್ತು. ನಮೂನೆಯಲ್ಲಿ 60 ಪ್ರಶ್ನೆ. ಜಾತಿ, ಉಪಜಾತಿ, ಓದು, ಜಮೀನು ಎಲ್ಲ ಇತ್ತು, ನಾಯಿಯ ಸುದ್ದಿ ಇರಲಿಲ್ಲ. ಆದ್ದರಿಂದ ಮೇಷ್ಟ್ರು ಅರವತ್ತೊಂದನೆಯದನ್ನು ತಾವೇ ಸೇರಿಸಿಕೊಂಡು ಅದನ್ನೇ ಮೊದಲು ಕೇಳಿದರು. ‘ಎಂಥ ಮಾಡಲ್ಲ, ಬನ್ನಿ’ ಎಂದು ಉತ್ತರ ಬಂತು. ಮೇಷ್ಟ್ರು ಹೋಗಲಿಲ್ಲ. ದಣಪೆಯ ಆಚೆ ಅವರು, ಒಂದು ಕೈಯಲ್ಲಿ ಸಿಗ್ನಲ್ಲಿಗಾಗಿ ಆಕಾಶಕ್ಕೆ ಎತ್ತಿ ಹಿಡಿದ ಮೊಬೈಲು, ಈಚೆ ಚಿಟ್ಟೆಯ ಮೇಲೆ ಯಜಮಾನರು, ನಡುವೆ ನಾಯಿ. ಸಮೀಕ್ಷೆ ಕೂಗಾಟದಲ್ಲೇ ನಡೆಯಿತು. ‘ಮನೆಯ ಮುಖ್ಯಸ್ಥರ ಹೆಸರು?’ ನಾಯಿ ಬೊಗಳಿತು. ‘ಎಷ್ಟು ಜನ?’ ಅದೂ ಹೇಗೋ ದಾಟಿತು. ‘ವರ್ಷದ ಆದಾಯ?’ ಎಂದಾಗ ಮಾತ್ರ ಯಜಮಾನರು ಕಿವಿಗೆ ಕೈ ಹಿಡಿದು, ‘ಈ ದರಿದ್ರದ್ದರ ಗಲಾಟೆಯಲ್ಲಿ ಒಂದೂ ಕೇಳೂದಿಲ್ಲ ಮೇಷ್ಟ್ರೇ’ ಎಂದುಬಿಟ್ಟರು. ನಾಯಿ ಸಾಕಿದ್ದಕ್ಕೆ ಇಷ್ಟಾದರೂ ಪ್ರಯೋಜನ ಬೇಡವೇ!

ನ್ಯಾಯವಾಗಿ ಹೇಳಬೇಕೆಂದರೆ, ಈ ಸೀಮೆಯಲ್ಲಿ ನಾಯಿ ಬಿಡುವುದಕ್ಕೆ ಕಾರಣಗಳಿವೆ. ಮಂಗ ಬಂದು ಹಿಂಗಾರ ಹರಿಯುತ್ತದೆ, ಕಾಡುಹಂದಿ ಬಂದು ಬಾಳೆಯ ಬುಡ ಉತ್ತು ಹೋಗುತ್ತದೆ. ಕಟ್ಟಿದ ನಾಯಿ ಅಡಿಕೆ ಕಾಯುವುದಿಲ್ಲ. ರಾತ್ರಿ ಕುರ್ಕ, ಅಂದರೆ ಚಿರತೆ, ಬಂದರಂತೂ ಸರಪಳಿಯಲ್ಲಿ ಇರುವ ನಾಯಿ ಬಡಿಸಿಟ್ಟ ಊಟ. ಬೆಳಗಾದರೆ ಸರಪಳಿ ಮಾತ್ರ ಉಳಿದಿರುತ್ತದೆ. ಅದೆಲ್ಲ ಒಪ್ಪೋಣ. ಮಂಗ, ಹಂದಿ, ಕುರ್ಕ ಮೂರಕ್ಕೂ ಸಂಬಂಧವಿಲ್ಲದ ಅಂಚೆಯಣ್ಣ ಹಗಲು ಹನ್ನೊಂದು ಗಂಟೆಗೆ ಸೈಕಲ್ ತಳ್ಳಿಕೊಂಡು ಬಂದರೆ ಅವನನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು? ಮಂಗನ ಕಾಯಿಲೆಯ ಕಾಲ ಬಂತೆಂದು ಡೆಪಾ ಎಣ್ಣೆ ಕೊಡಲು ಬರುವ ಆಶಾ ಕಾರ್ಯಕರ್ತೆಯನ್ನು? ಉಣುಗು ಕಚ್ಚದಿರಲಿ ಎಂದು ಎಣ್ಣೆ ತರುವವಳಿಗೆ ನಾಯಿ ಕಚ್ಚಿದರೆ ಅದಕ್ಕೆ ಎಣ್ಣೆ ಯಾರು ಕೊಡುತ್ತಾರೆ? ಇನ್ನು ನಮ್ಮಲ್ಲಿ ಆಚೆಮನೆಗೆ ಹೋಗುವ ದಾರಿ ಈಚೆಮನೆಯ ಅಂಗಳದಲ್ಲೇ ಹಾದು ಹೋಗುವುದು ಮಾಮೂಲು. ಯಜಮಾನರಿಗೆ ತಮ್ಮ ಸರ್ವೆ ನಂಬರಿನ ಗಡಿ ಗೇಣು ಗೇಣಾಗಿ ಗೊತ್ತು. ನಾಯಿಯ ಸರ್ವೆ ನಂಬರು ಟಾರ್ ರಸ್ತೆಯ ತನಕ ಇದೆ.

ತೀರ್ಥಹಳ್ಳಿಯ ಯಜಮಾನರಿಗೆ ಸಾಹಿತ್ಯದ ಬೆಂಬಲವೂ ಇದೆ. 1967ರಲ್ಲಿ ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಬರೆದು ಗುತ್ತಿಯ ಜತೆಗೆ ಅವನ ನಾಯಿ ಹುಲಿಯನಿಗೂ ಜಾಗ ಕೊಟ್ಟದ್ದು, ಅವರ ಮಗ ತೇಜಸ್ವಿ ‘ಕಿವಿ’ ಎಂಬ ನಾಯಿಯನ್ನು ಊರಿಗೇ ಪರಿಚಯ ಮಾಡಿಸಿದ್ದು ಇವರ ಬಾಯಲ್ಲಿದೆ. ‘ಮಲೆನಾಡಿನ ನಾಯಿ ಅಂದ್ರೆ ಸಾಮಾನ್ಯ ಅಲ್ಲ ಸ್ವಾಮಿ, ಕಾದಂಬರಿಯಲ್ಲೇ ಬಂದಿದೆ.’ ಬಂದಿದೆ, ನಿಜ. ಆದರೆ ಹುಲಿಯ ಗುತ್ತಿಯ ಬೆನ್ನಿಗಿತ್ತು. ಇವರದು ಲೈನ್‌ಮ್ಯಾನ್ ಬೆನ್ನಿಗಿದೆ.

ಸಾಗರದವರು ಆಧುನಿಕರು. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಬೇಜಾರಾಗಿ ರಾಟ್‌ವೀಲರ್ ಮರಿ ತಂದ. ಮರಿ ಬೆಳೆಯಿತು, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದರ ಜತೆ ಹತ್ತಲು ಜನ ಒಪ್ಪಲಿಲ್ಲ, ಆಫೀಸೂ ಶುರುವಾಯಿತು. ‘ಊರಲ್ಲಿ ಜಾಗ ಬೇಕಾದಷ್ಟಿದೆ’ ಎಂದು ತಂದು ಬಿಟ್ಟು ಹೋದ. ಇಂಗ್ಲಿಷಿನಲ್ಲಿ ‘ಸಿಟ್’ ಎಂದರೆ ಕೂರುತ್ತದಂತೆ. ಯಜಮಾನರು ‘ಕೂತ್ಕ’ ಎಂದರೆ ಅವರ ಮುಖ ನೋಡುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಸಾಕುವುದು ಬೇಡವೆಂದು ಸುತ್ತೋಲೆ ಹೊರಡಿಸಿದಾಗ ಊರವರಿಗೆ ಸ್ವಲ್ಪ ಜೀವ ಬಂತು. ಏಪ್ರಿಲ್ ತಿಂಗಳಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಸುತ್ತೋಲೆ ಹೊರಡಿಸಿದ್ದು ಸರಿಯಲ್ಲ ಎಂಬುದು ಕೋರ್ಟಿನ ತಕರಾರು. ಯಜಮಾನರು ಪತ್ರಿಕೆ ಮಡಚಿಟ್ಟು ತೀರ್ಪನ್ನು ಹೀಗೆ ಅರ್ಥ ಮಾಡಿಕೊಂಡರು: ‘ನೋಡಿ, ಹೈಕೋರ್ಟೇ ಹೇಳಿತು, ನಮ್ಮದು ಎಂಥ ಮಾಡಲ್ಲ ಅಂತ.’

ಇಷ್ಟಾಗಿಯೂ ಒಮ್ಮೊಮ್ಮೆ ನಾಯಿ ಎಂಥದಾದರೂ ಮಾಡುತ್ತದೆ. ಆಗ ಯಜಮಾನರ ಪ್ರತಿಭೆ ನೋಡಬೇಕು. ಮಂಗನ ಹಿಂಡು ಅಟ್ಟಿದಾಗ ಅದು ‘ನಮ್ಮ ರಾಜು’. ಕುರ್ಕನ ಎದುರು ನಿಂತ ರಾತ್ರಿಯ ಕಥೆಯಲ್ಲಿ ಅದು ‘ನಮ್ಮ ಹುಡುಗ’. ಕೊನೆಗೊಯ್ಲಿಗೆ ಬಂದವನ ತೊಡೆಗೆ ಬಾಯಿ ಹಾಕಿದ ಮರುಕ್ಷಣ ‘ಅದು ನಮ್ಮದಲ್ಲ ಮಾರಾಯ್ರೇ, ಯಾರೋ ರಸ್ತೆಯಲ್ಲಿ ಬಿಟ್ಟು ಹೋದದ್ದು. ಇಲ್ಲೇ ಇರ್ತದೆ. ಉಳಿದ ಅನ್ನ ಹಾಕ್ತೇವೆ, ಪಾಪ’ ಎಂದಾಗುತ್ತದೆ. ಕುತ್ತಿಗೆಯಲ್ಲಿ ಬೆಲ್ಟ್ ಇದೆಯಲ್ಲ ಎಂದರೆ, ‘ಅದು ಬರುವಾಗಲೇ ಇತ್ತು.’

ಕಾನೂನು ಇದನ್ನು ಮೊದಲೇ ಊಹಿಸಿರಬೇಕು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ‘ಯಾರ ನಾಯಿ’ ಎಂದು ಕೇಳುವುದಿಲ್ಲ. ಯಾರ ಸ್ವಾಧೀನದಲ್ಲಿದೆ ಎಂದು ಕೇಳುತ್ತದೆ. ಸ್ವಾಧೀನದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದ ಹಾಗೆ, ಭಾರಿ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಆರು ತಿಂಗಳ ತನಕ ಜೈಲು, ಇಲ್ಲವೇ 5 ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯ 289ರಲ್ಲಿ ದಂಡ 1 ಸಾವಿರವೇ ಇತ್ತು. ಸ್ವಾಧೀನ ಎಂದರೇನು ಎಂದು ನಮ್ಮ ಯಜಮಾನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಗರ್‌ಹುಕುಂ ಜಮೀನಿಗೆ ಫಾರಂ 50, 53, 57 ಎಲ್ಲ ತುಂಬಿದವರು. ಮೂರು ತಲೆಮಾರಿನಿಂದ ನಮ್ಮದೇ ಸ್ವಾಧೀನ ಎಂದು ಹಳೆಯ ತೆಂಗಿನಮರ, ಅಜ್ಜ ತೋಡಿದ ಅಗಳು, ಸಾಕ್ಷಿ ಹೇಳಲು ಎಂಬತ್ತು ದಾಟಿದ ಮುದುಕ ಎಲ್ಲವನ್ನೂ ತಹಶೀಲ್ದಾರರ ಎದುರು ನಿಲ್ಲಿಸಿದವರು. ಅಂಥವರ ಜಗಲಿಯ ಮೇಲೆ ಮಲಗಿ, ಅವರ ಅನ್ನ ತಿಂದು, ಅವರು ಸೀಟಿ ಹೊಡೆದರೆ ಓಡಿ ಬರುವ ನಾಯಿ ಮಾತ್ರ ಅವರ ಸ್ವಾಧೀನದಲ್ಲಿಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸೀಮೆ ಇದು. ಭೂಮಿ ಯಾರದು ಎಂದರೆ ಉಳುವವನದು ಎಂದು ಇಡೀ ರಾಜ್ಯಕ್ಕೆ ಹೇಳಿದ ಊರಿನಲ್ಲಿ ನಾಯಿ ಯಾರದು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ದಂಡದ ವಿಷಯ ಹೇಳಿದರೆ ಅವರು ಮನಸ್ಸಿನಲ್ಲೇ ಭಾಗಿಸುತ್ತಾರೆ. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಕಾಲ; 5 ಸಾವಿರ ಎಂದರೆ ಹತ್ತು ಕೆಜಿ. ಅಷ್ಟು ಅಡಿಕೆ ಅಂಗಳ ಗುಡಿಸುವಾಗ ಸಿಗುತ್ತದೆ. ಅಲ್ಲದೆ ದೂರು ಕೊಡುವವರು ಯಾರು? ಕಚ್ಚಿಸಿಕೊಂಡವನು ಆಚೆಮನೆಯವನು, ನಾಳೆ ಅವನ ಮಗಳ ಮದುವೆಗೆ ಇವರ ಪಾತ್ರೆ ಬೇಕು. ಹಾಗಾಗಿ ಪಂಚಾಯ್ತಿಕೆ ಜಗಲಿಯಲ್ಲೇ ಮುಗಿಯುತ್ತದೆ. ಯಜಮಾನರು ಕವಳದ ಸಂಚಿಯಿಂದ ಸುಣ್ಣ ತೆಗೆದು ಗಾಯಕ್ಕೆ ಮೆತ್ತಲು ಹೊರಡುತ್ತಾರೆ. (ಸುಣ್ಣ, ಅರಿಶಿನ, ಕಾಫಿಪುಡಿ ಒಂದೂ ಬೇಡ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಲೆಕ್ಕ. ಇದರಲ್ಲಿ ತಮಾಷೆ ಇಲ್ಲ.) ಆಮೇಲೆ ಬೆಲ್ಲ, ನೀರು ಕೊಟ್ಟು ಉದಾರವಾಗಿ ಹೇಳುತ್ತಾರೆ: ‘ಸೂಜಿ ಖರ್ಚು ಎಷ್ಟಾದರೂ ನಾನು ಕೊಡ್ತೇನೆ.’ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ ಎಂದು ಇಬ್ಬರಿಗೂ ಗೊತ್ತು.

ಕೊಟ್ಟಿಗೆಯ ಎಮ್ಮೆಗೆ ವಿಮೆ ಮಾಡಿಸುವ, ಕರುವಿಗೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸದ ಈ ಯಜಮಾನರ ನಾಯಿಗೆ ಲಸಿಕೆ ಆಗಿರುವುದಿಲ್ಲ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, 1895ರಲ್ಲಿ ಲೂಯಿ ಪಾಶ್ಚರ್ ತೀರಿಕೊಂಡ ದಿನ. ಅದರ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಉಚಿತ ಲಸಿಕೆ ಹಾಕುತ್ತಾರೆ. ‘ಕರ್ಕೊಂಡು ಹೋಗಿ’ ಎಂದು ಹೆಂಡತಿ ವರ್ಷ ವರ್ಷ ಹೇಳುತ್ತಾರೆ. ಜೀಪಿನವನು ಬರಲೊಪ್ಪುವುದಿಲ್ಲ. ಕಡೆಗೆ ದನದ ಡಾಕ್ಟ್ರೇ ಕರು ನೋಡಲು ಬಂದವರು, ಇರಲಿ, ಇದಕ್ಕೂ ಹಾಕಿಬಿಡೋಣ ಎಂದು ಸಿರಿಂಜು ತುಂಬಿಕೊಂಡು ಅಂಗಳಕ್ಕೆ ಇಳಿದರು. ಯಜಮಾನರು ಕವಳ ಉಗಿದರು. ಅದನ್ನು ಅವರು ಮದುವೆಯ ಊಟಕ್ಕೆ ಕೂರುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಉಗಿದದ್ದು ಯಾರೂ ಕಂಡಿರಲಿಲ್ಲ.

‘ಡಾಕ್ಟ್ರೇ, ಹುಷಾರು! ಹತ್ತಿರ ಹೋಗಬೇಡಿ, ಹಿಡಿದುಬಿಡ್ತದೆ!’

‘ಎಂಥ ಮಾಡಲ್ಲ ಅಂತಿದ್ರಲ್ಲ?’

‘ಅದು ಬೇರೆಯವರಿಗೆ.’

ಡಾಕ್ಟ್ರು ಚಿಟ್ಟೆ ಹತ್ತಿ ನಿಂತು, ನಾಯಿಯನ್ನು ಹಿಡಿದುಕೊಳ್ಳಬೇಕಾದವರು ನೀವು ಎಂದರು. ಯಜಮಾನರು ಮರ್ಯಾದೆಗೆ ಅಂಜಿ ಮುಂದೆ ಬಂದರು. ‘ರಾಜೂ, ರಾಜೂ’ ಎನ್ನುತ್ತಾ ಒಂದು ಕೈಯಲ್ಲಿ ದೋಸೆ ತೋರಿಸುತ್ತಾ ಇನ್ನೊಂದು ಕೈಯಲ್ಲಿ ಬೆಲ್ಟ್ ಹಿಡಿದರು. ರಾಜು ದೋಸೆಯನ್ನು ಬಿಟ್ಟು ದೋಸೆಯ ಕೈಯನ್ನು ಹಿಡಿಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಮ್ಮ ದೊಡ್ಡ ರಿಜಿಸ್ಟರ್ ತೆರೆದು, ಇವತ್ತು ಒಂದು ಸೂಜಿ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ ತಪ್ಪದೆ ಬರಬೇಕು ಎಂದರು. ಹೆಸರು, ಊರು ಬರೆದುಕೊಂಡರು.

‘ಸಾಕಿದ ನಾಯಿಯೋ, ಬೀದಿದೋ?’

ಹಿಂದಿನ ಸಾಲಿನಲ್ಲಿ ಗುರುತಿನವರು ಇದ್ದರು. ಯಜಮಾನರು ಬ್ಯಾಂಡೇಜಿನ ಕೈಯನ್ನು ಪಂಚೆಯ ಮರೆಗೆ ಸರಿಸಿ, ‘ಬೀದಿದು ಅಂತ ಬರ್ಕೊಳ್ಳಿ’ ಎಂದರು.

‘ಹತ್ತು ದಿನ ಆ ನಾಯಿ ಮೇಲೆ ಕಣ್ಣಿಟ್ಟಿರಬೇಕು, ಹುಷಾರಾಗಿದೆಯೋ ಇಲ್ಲವೋ ಅಂತ. ಬೀದಿ ನಾಯಿಯನ್ನು ಎಲ್ಲಿ ಅಂತ ಹುಡುಕ್ತೀರಿ?’

‘ಎಲ್ಲಿಗೂ ಹೋಗೂದಿಲ್ಲ ಅಮ್ಮ. ನಮ್ಮ ಜಗಲಿ ಮೇಲೇ ಇರ್ತದೆ.’