ತೊಡಿಸದೆ ಉಳಿದ ಬಾಯಿಕುಕ್ಕೆ

(ಬೆಲ್ಜಿಯಂ, ಫ್ರಾನ್ಸ್, ಜರ್ಮನಿಗಳ ನಡುವೆ ಇಕ್ಕಟ್ಟಿನಲ್ಲಿರುವ ಲಕ್ಸೆಂಬರ್ಗ್‌ನಲ್ಲಿ ಆಗ ಇದ್ದದ್ದು ಸುಮಾರು ಮೂರು ಲಕ್ಷ ಜನ. 1937ರಲ್ಲಿ ಅಲ್ಲಿನ ಸರ್ಕಾರ ರಾಜಕೀಯ ಮತ್ತು ಸಾಮಾಜಿಕ ವ್ಯವಸ್ಥೆಯ ರಕ್ಷಣೆಗೆಂದು ಒಂದು ಕಾನೂನು ತಂದಿತು. ವಿರೋಧಿಗಳು ಅದಕ್ಕೆ ‘ಬಾಯಿಕುಕ್ಕೆ ಕಾನೂನು’ ಎಂದು ಹೆಸರಿಟ್ಟರು. ಆ ಕುಕ್ಕೆಯೇ ಮಾತಿಗೆ ಸಿಕ್ಕಿತು.)

ನೋಡಿದರೆ ಹೊಸದರಂತೆಯೇ ಇದ್ದೀರಿ!

ಒಂದು ದಿನವಾದರೂ ತೊಡಿಸಿದ್ದರೆ ತಾನೆ ಸವೆಯೋದು? ನಿಮ್ಮೂರಲ್ಲಿ ಕಣ ತುಳಿಯುವ ಎತ್ತಿಗೆ ಕಟ್ಟುವ ಕುಕ್ಕೆ ನನ್ನ ದೂರದ ನೆಂಟ. ಅವನಿಗೆ ಕೆಲಸವಿದೆ. ನನಗೆ ಬರೀ ಹೆಸರು.

ನಿಮ್ಮನ್ನು ಮಾಡಿಸಿದವರು ಯಾರು?

ಪ್ರಧಾನಿ ಜೋಸೆಫ್ ಬೆಕ್. 1926ರಿಂದ ಕುರ್ಚಿಯಲ್ಲಿದ್ದವರು. ಕಮ್ಯುನಿಸ್ಟರಿಂದ ದೇಶಕ್ಕೆ ಅಪಾಯ ಅಂದರು.

ಸದನದಲ್ಲಿ ಕಮ್ಯುನಿಸ್ಟರು ಅಷ್ಟೊಂದು ಜನ ಇದ್ದರೇ?

(ನಗುತ್ತದೆ.) ಒಬ್ಬರೂ ಇರಲಿಲ್ಲ. 1934ರಲ್ಲಿ ಜೆನೋ ಬೆರ್ನಾರ್ ಎಂಬೊಬ್ಬರು ಗೆದ್ದಿದ್ದರು. ಸದನ ಅವರ ಆಯ್ಕೆಯನ್ನೇ ಒಪ್ಪದೆ ಬಾಗಿಲಲ್ಲೇ ತಡೆಯಿತು. ಒಳಗೇ ಬಿಡದ ಬಾಯಿಗೆ ಕುಕ್ಕೆ ಯಾಕೆ ಅಂತ ನಾನೇ ಕೇಳಬೇಕೆಂದಿದ್ದೆ. ಆದರೆ ಕುಕ್ಕೆ ಬಾಯಿ ಬಿಟ್ಟರೆ ವೃತ್ತಿಗೆ ಅವಮಾನ.

ಹಾಗಾದರೆ ನಿಮ್ಮ ಅಳತೆ ಯಾರ ಮೂತಿಯದು?

ಅದೇ ನೋಡಿ ತಕರಾರು! ಬರೆದದ್ದು ಕಮ್ಯುನಿಸ್ಟ್ ಪಕ್ಷಕ್ಕೆ. ಜೊತೆಗೆ, ಬಲಪ್ರಯೋಗ ಅಥವಾ ಬೆದರಿಕೆಯಿಂದ ಸಂವಿಧಾನ ಬದಲಿಸಲು ಹೊರಟ ಯಾವ ಸಂಘವನ್ನಾದರೂ ಮುಚ್ಚಬಹುದಿತ್ತು. ಬೆದರಿಕೆ ಅಂದರೆ ಏನು ಅಂತ ತೀರ್ಮಾನಿಸೋರು ಯಾರು? ಮುಷ್ಕರ ಹೂಡಿದರೆ ಬೆದರಿಕೆಯೋ? ದಕ್ಷಿಣದಲ್ಲಿ ಎಶ್ ಅಂತ ಊರು, ಆಗ ಸುತ್ತಲೂ ಕಬ್ಬಿಣದ ಗಣಿ, ಉಕ್ಕಿನ ಕುಲುಮೆ. ಅಲ್ಲಿನ ಕಾರ್ಮಿಕರು ನನ್ನನ್ನು ನೋಡಿದ ಕೂಡಲೇ ತಮ್ಮ ಗದ್ದ ಮುಟ್ಟಿಕೊಂಡರು. ಸಮಾಜವಾದಿಗಳಿಗೂ ಅನುಮಾನ ಬಂತು, ಕೆಲವು ಉದಾರವಾದಿಗಳಿಗೂ ಬಂತು.

ಆದರೂ ಸದನದಲ್ಲಿ ಪಾಸಾದಿರಿ.

ಸಲೀಸಾಗಿ. ಸರ್ಕಾರಕ್ಕೆ ಬಹುಮತ ಇತ್ತಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಇಷ್ಟು ಹೊತ್ತಿಗೆ ನಾನು ಹತ್ತಾರು ಬಾಯಿ ನೋಡಿರುತ್ತಿದ್ದೆ. ಜನರನ್ನೂ ಕೇಳಿಬಿಡೋಣ ಅಂತಾಯಿತು. ಜೂನ್ 6, ಭಾನುವಾರ. ಆ ದೇಶದಲ್ಲಿ ಆಗ ಸದನಕ್ಕೆ ಒಂದೇ ಸಲ ಪೂರ್ತಿ ಚುನಾವಣೆ ಇಲ್ಲ, ಮೂರು ವರ್ಷಕ್ಕೊಮ್ಮೆ ಅರ್ಧರ್ಧ. ಆ ಸಲ ಮಧ್ಯ ಮತ್ತು ಪೂರ್ವ ಕ್ಷೇತ್ರಗಳ ಸರದಿ. ಅವರು ಎರಡು ಚೀಟಿ ತುಂಬಬೇಕು: ಒಂದು ಪ್ರತಿನಿಧಿಗೆ, ಇನ್ನೊಂದು ನನಗೆ. ಉಳಿದವರಿಗೆ ನಾನೊಬ್ಬನೇ ಅಭ್ಯರ್ಥಿ.

ಮತ ಹಾಕುವುದು ಅಲ್ಲಿ ಕಡ್ಡಾಯವಂತೆ?

1919ರಿಂದ. ಹೆಂಗಸರಿಗೆ ಮತ ಬಂದದ್ದೂ ಆ ವರ್ಷವೇ. ಎಂಥ ಫಜೀತಿ ನೋಡಿ: ಮತದಾನದ ದಿನ ಬಾಯಿ ತೆರೆಯದಿದ್ದರೆ ದಂಡ, ಮಾರನೆಯ ದಿನ ತೆರೆದರೆ ಕುಕ್ಕೆ! ಹೇಗೂ ಬರಲೇಬೇಕಲ್ಲ ಅಂತ ಬಂದವರು ಬಂದ ಕೆಲಸ ಮುಗಿಸಿಯೇ ಹೋದರು.

ಫಲಿತಾಂಶ?

ಬೇಡ ಅಂದವರು ಶೇ. 50.67.

ಕೂದಲೆಳೆಯ ಅಂತರ!

ನಿಮಗೆ ಕೂದಲೆಳೆ, ನನಗೆ ನೇಣು. ಶೇ. 49.33 ಜನ ತಮ್ಮ ನೆರೆಯವನಿಗೆ ಕುಕ್ಕೆ ಇರಲಿ ಅಂದರು ಅನ್ನೋದನ್ನು ಮಾತ್ರ ಯಾರೂ ನೆನಪಿಸಿಕೊಳ್ಳೋಲ್ಲ. ಅವರಲ್ಲಿ ಒಬ್ಬರಾದರೂ ತಮ್ಮ ಬಾಯಿಗೆ ನನ್ನನ್ನು ಹಿಡಿದು ನೋಡಿದ್ದರೋ ಇಲ್ಲವೋ!

ಬೆಕ್ ಅವರ ಗತಿ?

ರಾಜೀನಾಮೆ ಕೊಟ್ಟರು. ನವೆಂಬರ್‌ನಲ್ಲಿ ಪಿಯರ್ ಡುಪಾಂಗ್ ಪ್ರಧಾನಿಯಾದರು, ಸಮಾಜವಾದಿಗಳನ್ನೂ ಸೇರಿಸಿಕೊಂಡರು. ಬೆಕ್ ವಿದೇಶಾಂಗ ಮಂತ್ರಿಯಾಗಿ ಕೂತೇ ಇದ್ದರು. ರಾಜಕಾರಣಿಗೆ ಇನ್ನೊಂದು ಕುರ್ಚಿ ಸಿಗುತ್ತೆ ಸ್ವಾಮಿ, ಕುಕ್ಕೆಗೆ ಅಟ್ಟವೇ ಗತಿ.

ಮತ್ತೆ ಯಾರೂ ನಿಮ್ಮನ್ನು ಹುಡುಕಿಕೊಂಡು ಬರಲಿಲ್ಲವೇ?

1940ರ ಮೇ 10ಕ್ಕೆ ಹಿಟ್ಲರನ ಸೈನ್ಯ ಬಂತು. ನನ್ನ ಕಾಲ ಬಂತು ಅಂದುಕೊಂಡೆ. ಅವರು ತಮ್ಮದೇ ತಂದಿದ್ದರು, ಎಲ್ಲ ಪಕ್ಷಕ್ಕೂ ಒಂದೇ ಅಳತೆ. ಜನರನ್ನು ಕೇಳುವ ರಗಳೆಯೂ ಇಲ್ಲ. ಸದನದ ಬಾಗಿಲಲ್ಲಿ ತಡೆದಿದ್ದರಲ್ಲ ಆ ಬೆರ್ನಾರ್, 1942ರಲ್ಲಿ ನಾಜಿಗಳ ಸೆರೆಯಲ್ಲಿ ಸತ್ತರು.

ಕೊನೆಯದಾಗಿ, ಆ ಅಪಾಯಕಾರಿ ಪಕ್ಷ ಏನಾಯಿತು?

ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್ ಚುನಾವಣೆಯಲ್ಲಿ 51ರಲ್ಲಿ 5 ಸ್ಥಾನ ಗೆದ್ದಿತು. ಎಲ್ಲ ಪಕ್ಷಗಳೂ ಸೇರಿ ಮಾಡಿದ ಸರ್ಕಾರದಲ್ಲಿ ಅದರ ಡಾಕ್ಟರ್ ಶಾರ್ಲ್ ಮಾರ್ಕ್ಸ್ ಆರೋಗ್ಯ ಮಂತ್ರಿಯಾದರು. ಅದೇ ಸಂಪುಟದಲ್ಲಿ ವಿದೇಶಾಂಗ ಮಂತ್ರಿ ಜೋಸೆಫ್ ಬೆಕ್.